ಗಂಟೆಯಕ್ಕನ ಹೊಸ ಹಲ್ಲು

ಬಂದರಿನ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಗಂಟೆಯಕ್ಕ ಎಂದೇ ಕರೆಯುತ್ತಿದ್ದರು. ದೋಣಿಗಳು ದಡ ಮುಟ್ಟಿ, ಬುಟ್ಟಿಗಳು ಒದ್ದೆ ಸಿಮೆಂಟಿನ ಮೇಲೆ ಸಾಲಾಗಿ ಕೂತ ಮೇಲೆ, ಅವಳು ಮರದ ಪೆಟ್ಟಿಗೆಯೊಂದನ್ನು ಮಗುಚಿ ಹತ್ತಿ ನಿಂತು ಮೊದಲ ಬೆಲೆ ಕೂಗಿದಳೆಂದರೆ ತಗಡಿನ ಚಾವಣಿಯ ಕಾಗೆಗಳು ಜಾಗ ಬಿಟ್ಟು ಏಳುತ್ತಿದ್ದವು. ಆಚೆ ಬದಿಯಲ್ಲಿ ಲಾರಿ ತೊಳೆಯುತ್ತಿದ್ದವನಿಗೂ ಒಂದೊಂದು ಅಂಕಿ ಬಿಡಿಬಿಡಿಯಾಗಿ ಕೇಳುತ್ತಿತ್ತು. ಗಂಟಲು ಯಾರಿಗಿಲ್ಲ, ಕತ್ತೆಗೂ ಇದೆ, ಅಕ್ಷರ ಒಡೆಯದ ಹಾಗೆ ಕೂಗುವುದೇ ಕಸುಬು ಎಂದು ಅವಳು ಹೇಳುತ್ತಿದ್ದಳು.

ಅವಳ ಗಂಡ ಪಕ್ಕದ ಮಂಜುಗಡ್ಡೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ವರ್ಷಗಟ್ಟಲೆ ಯಂತ್ರಗಳ ಮಗ್ಗುಲಲ್ಲಿ ನಿಂತು ಅವನ ಕಿವಿ ಮಂದವಾಗಿತ್ತು. ಊರಿನವರ ಮಾತಿಗೆಲ್ಲ ‘ಆಂ?’ ಎನ್ನುವವನು ಹೆಂಡತಿಯ ಮಾತನ್ನು ಮಾತ್ರ ಎರಡನೆಯ ಸಲ ಕೇಳಿದವನಲ್ಲ. ಅವಳು ಅಡುಗೆಮನೆಯಿಂದ ಕೂಗಿದರೆ ಹಿತ್ತಿಲಲ್ಲಿದ್ದವನು ಉತ್ತರ ಕೊಡುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ.

ಗಂಟೆಯಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಮಾತ್ರೆ ನುಂಗುತ್ತಿದ್ದಳು, ನೆನಪಾದಾಗ. ರಕ್ತ ಪರೀಕ್ಷೆ ಮಾಡಿಸುತ್ತಿದ್ದಳು, ಯಾರಾದರೂ ಹೆದರಿಸಿದಾಗ. ಒಸಡಿನಲ್ಲಿ ರಕ್ತ ಬಂದರೆ ಉಪ್ಪುನೀರು ಮುಕ್ಕಳಿಸಿ ಕೆಲಸಕ್ಕೆ ಹೊರಡುತ್ತಿದ್ದಳು. ಹಲ್ಲುಗಳು ಹಳೇ ಬೇಲಿಯ ಗೂಟಗಳ ಹಾಗೆ ಒಂದೊಂದಾಗಿ ಅಲ್ಲಾಡತೊಡಗಿದಾಗ, ವಯಸ್ಸಾಯಿತಲ್ಲ ಅಂದುಕೊಂಡಳು. ವಯಸ್ಸೇನೂ ಅಷ್ಟಾಗಿರಲಿಲ್ಲ.

ಒಂದು ಬೆಳಿಗ್ಗೆ ಸಿಗಡಿಯ ಹರಾಜು ಕಾವೇರಿತ್ತು. ಅವಳು ಉಸಿರೆಳೆದು ‘ಐವತ್ತು’ ಎಂದು ಕೂಗಿದ ರಭಸಕ್ಕೆ ಮುಂದಿನ ಹಲ್ಲೊಂದು ಕಳಚಿ ಬುಟ್ಟಿಯೊಳಗೆ ಬಿತ್ತು. ಕೊಳ್ಳಲು ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಗಂಟೆಯಕ್ಕ ಪೆಟ್ಟಿಗೆಯಿಂದ ಇಳಿಯಲಿಲ್ಲ. ತುಟಿಯ ರಕ್ತವನ್ನು ಸೆರಗಿನಲ್ಲಿ ಒರೆಸಿಕೊಂಡು, ಹಲ್ಲಿಗೆ ಬೇರೆ ಬೆಲೆ ಇಲ್ಲ, ಸಿಗಡಿ ಜೊತೆ ಪುಕ್ಕಟೆ ಅಂದಳು. ಜನ ಬಿದ್ದು ಬಿದ್ದು ನಕ್ಕರು. ಹರಾಜು ಮುಗಿಯಿತು.

ಆದರೆ ಆಮೇಲಿನ ದಿನಗಳಲ್ಲಿ ನಗುವ ಹಾಗಿರಲಿಲ್ಲ. ಮುಂದಿನ ಮತ್ತೆರಡು ಹಲ್ಲುಗಳೂ ಹೋದವು. ಕನ್ನಡದ ಅಂಕಿಗಳು ಹಲ್ಲಿಲ್ಲದವರ ಮೇಲೆ ಕರುಣೆ ತೋರಿಸುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು, ಎಲ್ಲದರ ಕೊನೆಯಲ್ಲೂ ನಾಲಿಗೆ ಹಲ್ಲಿಗೆ ತಾಗಲೇಬೇಕು. ತಾಗಲು ಹಲ್ಲೇ ಇಲ್ಲದಾಗ ಬರೀ ಗಾಳಿ ಬರುತ್ತಿತ್ತು. ಕೊನೆಗೊಂದು ದಿನ ಅವಳು ಕೂಗಿದ್ದು ಇಪ್ಪತ್ತೋ ಎಪ್ಪತ್ತೋ ಎಂದು ದೋಣಿಯ ಮಾಲೀಕನಿಗೂ ವ್ಯಾಪಾರಿಗೂ ಜಗಳ ಹತ್ತಿ, ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಮಾರುಕಟ್ಟೆಯ ಮೇಸ್ತ್ರಿ, ವಯಸ್ಸಾದ ಮನುಷ್ಯ, ಅವಳನ್ನು ಬದಿಗೆ ಕರೆದು ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಮ್ಮ ಎಂದ. ಅವನು ಮೆತ್ತಗೆ ಹೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಮರುದಿನದಿಂದ ತಕ್ಕಡಿ ಹಿಡಿಯುತ್ತಿದ್ದ ಗಂಡಸೊಬ್ಬ ಅವಳ ಪೆಟ್ಟಿಗೆಯ ಮೇಲೆ ಕೈಮೈಕು ಹಿಡಿದು ನಿಂತ. ಜನ ಅವನಿಗೆ ಮೈಕಣ್ಣ ಎಂದು ಹೆಸರಿಟ್ಟರು.

ಹಲ್ಲಿನ ಡಾಕ್ಟರು ಗಟ್ಟಿ ಕೈಯ, ಕಡಿಮೆ ಮಾತಿನ ಹೆಂಗಸು. ಗಂಟೆಯಕ್ಕನ ಬಾಯಿಯೊಳಗೆ ಪುಟ್ಟ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲಾ ಹಲ್ಲೂ ಬುಡ ಸಡಿಲಾಗಿದೆ, ಉಳಿಸುವಂಥದ್ದು ಒಂದೂ ಇಲ್ಲ ಎಂದರು. ಗಂಟೆಯಕ್ಕ ಸರಿ, ಇವತ್ತೇ ಕಿತ್ತುಬಿಡಿ ಎಂದು ಬಾಯಿ ತೆರೆದು ಕೂತಳು. ಡಾಕ್ಟರು ಅವಳ ಬೆರಳು ಚುಚ್ಚಿ ಸಕ್ಕರೆ ನೋಡಿ ಕೈಗವಸು ತೆಗೆದರು.

“ಇವತ್ತು ಕೀಳಲ್ಲಮ್ಮ. ನಿಮ್ಮ ಸಕ್ಕರೆ ಇಷ್ಟು ಮೇಲಿರೋವಾಗ ಕಿತ್ತರೆ ಗಾಯ ಮಾಯಲ್ಲ, ಕೀವಾಗುತ್ತೆ. ಹಲ್ಲು ಸಡಿಲಾಗಿದ್ದೂ ಅದರಿಂದಲೇ. ಮೊದಲು ಅದನ್ನ ಇಳಿಸಿಕೊಂಡು ಬನ್ನಿ.”

ಹಲ್ಲು ಹೋಗಿದ್ದಕ್ಕೂ ಸಕ್ಕರೆಗೂ ಸಂಬಂಧವಿದೆ ಎಂದು ಅವಳಿಗೆ ಗೊತ್ತಾದದ್ದೇ ಅಂದು. ಆ ಸಿಟ್ಟು ಯಾರ ಮೇಲೂ ತೀರಿಸುವಂಥದ್ದಲ್ಲ. ಮನೆಗೆ ಬಂದು ಮಾತ್ರೆಯ ಪಟ್ಟಿಯನ್ನು ನೀರಿನ ಬಿಂದಿಗೆಯ ಪಕ್ಕ ಕಣ್ಣಿಗೆ ಬೀಳುವಂತೆ ಇಟ್ಟಳು. ಚಹಾಕ್ಕೆ ಸಕ್ಕರೆ ನಿಲ್ಲಿಸಿದಳು. ಸಂಜೆ ಗಂಡ ಹೆಂಡತಿ ಬಂದರಿನ ಕಟ್ಟೆಯ ಉದ್ದಕ್ಕೂ ನಡೆದು ದೀಪಸ್ತಂಭ ಮುಟ್ಟಿ ಬರತೊಡಗಿದರು. ಮಾರುಕಟ್ಟೆಯ ಬದಿಯಲ್ಲಿ ಹಾಯುವಾಗ ಅವಳು ಬೇರೆ ಕಡೆ ನೋಡುತ್ತಿದ್ದಳು. ಹೋದ ಸಲ ಬೆಟ್ಟ ಹತ್ತಿದ್ದ ಸಕ್ಕರೆ ನಿಧಾನಕ್ಕೆ ಇಳಿಯಿತು. ಡಾಕ್ಟರು ಬೆಳಗಿನ ಹೊತ್ತು, ತಿಂಡಿ ತಿಂದು, ಮಾತ್ರೆ ನುಂಗಿಯೇ ಬರಲು ಹೇಳಿ, ಕೆಲವು ಸರದಿಗಳಲ್ಲಿ ಉಳಿದ ಹಲ್ಲುಗಳನ್ನೆಲ್ಲ ಕಿತ್ತರು.

ಕೊನೆಯ ಸರದಿಯ ಹೊತ್ತಿಗೆ ಗಂಡನ ಅಕ್ಕ ಆರೈಕೆಗೆಂದು ಬಂದಿಳಿದಳು. ಒಳ್ಳೆಯ ಹೆಂಗಸು, ತಮ್ಮನ ಹೆಂಡತಿ ಎಂದರೆ ಪ್ರಾಣ. ಆದರೆ ಹಿಡಿದ ಹಟ ಬಿಡುವವಳಲ್ಲ. ಆ ದಿನ ಬಾಯಿ ಮರಗಟ್ಟಿ, ಅರಳೆ ಕಚ್ಚಿಕೊಂಡು ಮಲಗಿದ್ದ ಗಂಟೆಯಕ್ಕ ಮಧ್ಯಾಹ್ನ ಏನೂ ಬೇಡ ಎಂದು ಕೈಯಾಡಿಸಿದಳು. ಹಲ್ಲು ಕಚ್ಚಿ ಸಹಿಸಿಕೋ ಎಂದು ಅತ್ತಿಗೆ ಸಮಾಧಾನ ಹೇಳಿದಾಗ, ಯಾವ ಹಲ್ಲು ಕಚ್ಚಲಿ ಎಂದು ಸನ್ನೆಯಲ್ಲೇ ಕೇಳಿ ಅತ್ತಿಗೆಯನ್ನು ನಗಿಸಿದಳು. ಊಟ ಬಿಟ್ಟವಳು ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಈಗ ಶಿಸ್ತಿನವಳಾಗಿದ್ದಳಲ್ಲ, ತಪ್ಪದೆ ನುಂಗಿದಳು.

ಇಳಿಹೊತ್ತಿಗೆ ಅವಳ ಕೈ ನಡುಗತೊಡಗಿತು. ಮೈಯೆಲ್ಲ ತಣ್ಣನೆಯ ಬೆವರು. ಎದುರಿಗೆ ನಿಂತ ಗಂಡನನ್ನು ಗುರುತು ಸಿಗದವಳ ಹಾಗೆ ನೋಡಿದಳು. ಸಕ್ಕರೆ ತೀರಾ ಇಳಿದರೆ ಏನು ಮಾಡಬೇಕೆಂದು ಡಾಕ್ಟರು ಹೇಳಿದ್ದನ್ನು ಅವನು ಗಾಬರಿಯಲ್ಲೂ ಮರೆತಿರಲಿಲ್ಲ. ಲೋಟದಲ್ಲಿ ಸಕ್ಕರೆ ಕದಡಿ ಗುಟುಕು ಗುಟುಕಾಗಿ ಕುಡಿಸಿದ. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ತಿಳಿಯಾಯಿತು. ಹೊಟ್ಟೆಗಿಲ್ಲದೆ ಮಾತ್ರೆ ನುಂಗಿದ್ದಕ್ಕೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು.

ಆ ಭಯವೇ ಮುಂದಿನ ಎಡವಟ್ಟಿಗೆ ಕಾರಣವಾಯಿತು. ಇನ್ನು ಇವಳನ್ನು ಹಸಿದಿರಲು ಬಿಡುವುದಿಲ್ಲ ಎಂದು ಅತ್ತಿಗೆ ಸೊಂಟ ಕಟ್ಟಿದಳು. ಅಗಿಯುವ ಹಾಗಿಲ್ಲವಲ್ಲ, ಬೆಲ್ಲ ಹಾಕಿದ ಗಂಜಿ, ಹಣ್ಣಿನ ರಸ, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು, ನಡುವೆ ಐಸ್‌ಕ್ರೀಮು. ಮೆತ್ತಗಿರುವುದೆಲ್ಲ ಸಿಹಿ, ಸಿಹಿಯಾಗಿರುವುದೆಲ್ಲ ಮೆತ್ತಗೆ. ಗಂಟೆಯಕ್ಕನಿಗೂ ಹಿತವಾಗಿತ್ತು. ಬಹಳ ಕಾಲ ದೂರವಿಟ್ಟದ್ದು ಔಷಧಿಯ ನೆಪದಲ್ಲಿ ಬಟ್ಟಲು ಬಟ್ಟಲಾಗಿ ಬರುವಾಗ ಬೇಡ ಎನ್ನುವವರು ಯಾರು? ವಾರ ಕಳೆಯುವಷ್ಟರಲ್ಲಿ ಕೆಳದವಡೆಯ ಎಡಬದಿ ಊದಿಕೊಂಡಿತು. ಬಾಯಿಂದ ಕೆಟ್ಟ ವಾಸನೆ ಬರತೊಡಗಿತು.

ಡಾಕ್ಟರು ಗಾಯ ತೊಳೆದು ಔಷಧಿ ಕೊಟ್ಟರು. ಸಕ್ಕರೆ ನೋಡಿ ಹುಬ್ಬು ಗಂಟಿಕ್ಕಿದರು. ಏನೇನು ತಿಂದಿರಿ ಎಂದು ಕೇಳಿದ್ದಕ್ಕೆ ಅತ್ತಿಗೆ ಹೆಮ್ಮೆಯಿಂದ ಎಲ್ಲ ಒಪ್ಪಿಸಿದಳು. ಡಾಕ್ಟರು ಅವಳನ್ನು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

“ಮೆತ್ತಗಿರಬೇಕು ಅಂದೆ, ಸಿಹಿಯಾಗಿರಬೇಕು ಅನ್ನಲಿಲ್ಲ,” ಎಂದರು. “ಮೊಟ್ಟೆ ಮೆತ್ತಗಿಲ್ವಾ? ಬೆಂದ ಬೇಳೆ? ಗಟ್ಟಿ ಮೊಸರು? ಮೀನು ಮಾರುಕಟ್ಟೆಯವರು ನೀವು, ಬೇಯಿಸಿದ ಮೀನಿಗಿಂತ ಮೆತ್ತಗಿನದು ಇನ್ನೇನಿದೆ?”

ಅತ್ತಿಗೆ, ಗಂಟೆಯಕ್ಕ ಇಬ್ಬರೂ ಮುಖ ಮುಖ ನೋಡಿಕೊಂಡರು. ಮನೆಯ ತುಂಬ ಮೀನಿನ ವಾಸನೆ ಇಟ್ಟುಕೊಂಡು ಐಸ್‌ಕ್ರೀಮು ತರಲು ಓಡಿದ್ದರು. ಡಾಕ್ಟರು ಮುಂದುವರಿಸಿ, ಗಾಯ ಮಾಯಲು ಮೈಗೆ ಶಕ್ತಿ ಬೇಕು, ಅದು ಬೆಲ್ಲದಿಂದ ಬರುವುದಿಲ್ಲ ಎಂದರು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಬೇಕು. ಊಟ ಬಿಟ್ಟು ಮಾತ್ರೆ ನುಂಗಬಾರದು, ಏನೂ ಸೇರದಿದ್ದರೆ ಫೋನು ಮಾಡಿ ಕೇಳಬೇಕು. ಬಿಸಿಬಿಸಿ ಬೇಡ, ಖಾರ ಬೇಡ. ಸಕ್ಕರೆ ನೀರು ಕೈ ನಡುಗಿದ ದಿನಕ್ಕೆ ಮಾತ್ರ.

ಅಂದಿನಿಂದ ಅತ್ತಿಗೆಯ ಹಟಕ್ಕೆ ಸರಿಯಾದ ದಾರಿ ಸಿಕ್ಕಿತು. ಬೆಳಿಗ್ಗೆ ಮೊಟ್ಟೆಯನ್ನು ಹಾಲಿನಲ್ಲಿ ಕಲಕಿ ಸಣ್ಣ ಉರಿಯಲ್ಲಿ ಮೋಡದಂತೆ ಉಬ್ಬಿಸುತ್ತಿದ್ದಳು. ಮಧ್ಯಾಹ್ನ ಹಬೆಯಲ್ಲಿ ಬೇಯಿಸಿದ ಮೀನನ್ನು ಬೆರಳಲ್ಲೇ ಬಿಡಿಸಿ, ಒಂದು ಮುಳ್ಳೂ ಇಲ್ಲದಂತೆ ಎರಡೆರಡು ಸಲ ತಡವಿ, ನುಣ್ಣಗೆ ಬೆಂದ ಬೇಳೆ ಸೊಪ್ಪಿನ ಜೊತೆ ಕಲಸಿ ಕೊಡುತ್ತಿದ್ದಳು. ಕುಂಬಳಕಾಯಿ ಮಸೆದು ಮೆಣಸಿನ ಪುಡಿಯ ಬದಲು ನಿಂಬೆ ಎಲೆಯ ಪರಿಮಳ ಹಾಕಿದಳು. ಗಂಡ ಅಳತೆಯ ಯಂತ್ರದಿಂದ ಬೆರಳು ಚುಚ್ಚಿ ನೋಡುವುದು ಕಲಿತ. ಊತ ಇಳಿಯಿತು. ಒಸಡು ತಿಳಿಗೆಂಪಿಗೆ ತಿರುಗಿ ಗಟ್ಟಿಯಾಗತೊಡಗಿತು. ತಿಂಗಳುಗಳ ಆಚೆ ಗಂಟೆಯಕ್ಕನಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ನಿಂತೇಹೋಯಿತು.

ಬಾಯಿ ಮಾಯುತ್ತಿತ್ತು, ಮನೆ ಮಾತ್ರ ಮೂಕವಾಗಿತ್ತು. ಬೋಳು ಒಸಡಿನಿಂದ ಹೊರಡುವ ಅವಳ ಮಾತು ಗಂಡನ ಮಂದ ಕಿವಿಗೆ ಹತ್ತುತ್ತಿರಲಿಲ್ಲ. ಅವನು ಮೊದಲ ಬಾರಿಗೆ ಹೆಂಡತಿಗೂ ‘ಆಂ?’ ಎನ್ನತೊಡಗಿದ. ಅವಳು ಮತ್ತೆ ಹೇಳುತ್ತಿದ್ದಳು, ಅವನಿಗೆ ಮತ್ತೆ ತಿಳಿಯುತ್ತಿರಲಿಲ್ಲ, ಬಿಡಿ ಎಂದು ಕೈ ಬೀಸಿಬಿಡುತ್ತಿದ್ದಳು. ಮಾರುಕಟ್ಟೆಯಿಂದ ಮೈಕಣ್ಣನ ಸದ್ದು ಗಾಳಿಯಲ್ಲಿ ತೇಲಿ ಬಂದಾಗ ಕಿಟಕಿ ಮುಚ್ಚುತ್ತಿದ್ದಳು. ಮೈಕಿದ್ದರೆ ಗಂಟಲೇಕೆ ಎಂದು ಜನ ಅನ್ನುತ್ತಿದ್ದಾರಂತೆ ಎನ್ನುವ ಸುದ್ದಿಯೂ ಬಂತು. ಇನ್ನು ಲೆಕ್ಕದ ಕೋಣೆಯಲ್ಲಿ ಕೂತು ಚೀಟಿ ಹರಿಯುವ ಕೆಲಸ ಕೊಡುತ್ತೇವೆ ಎಂದು ಮೇಸ್ತ್ರಿ ಹೇಳಿಕಳಿಸಿದ. ಅವಳು ಉತ್ತರ ಕಳಿಸಲಿಲ್ಲ.

ಹಲ್ಲಿನ ಸೆಟ್ಟು ಬಂತು. ಮೊದಲ ಸಲ ಹಾಕಿಕೊಂಡಾಗ ಬಾಯಿಯೊಳಗೆ ಯಾರೋ ಬಾಡಿಗೆಗೆ ಬಂದು ಸಾಮಾನು ಇಳಿಸಿದ ಹಾಗಾಯಿತು. ಜೊಲ್ಲು ಸುರಿಯಿತು, ಓಕರಿಕೆ ಬಂತು. ಅನ್ನದ ಅಗುಳು ಅಡಿಗೆ ಸಿಕ್ಕಿ ಕಲ್ಲಿನ ಹಾಗೆ ಒತ್ತಿತು. ಮೇಲಿನ ಸೆಟ್ಟು ಬಾಯಿಯ ಅಂಗುಳವನ್ನು ಮುಚ್ಚಿದ್ದರಿಂದ ಬಿಸಿ ಗೊತ್ತಾಗುತ್ತಿರಲಿಲ್ಲ, ಮುಳ್ಳು ಗೊತ್ತಾಗುತ್ತಿರಲಿಲ್ಲ. ಮೀನನ್ನು ಕೈಯಲ್ಲೇ ಪರೀಕ್ಷಿಸಿ ಬಾಯಿಗಿಡುವುದು ಕಲಿಯಬೇಕಾಯಿತು. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ ಎಂದರೆ ಇದೇ ಎಂದು ಕಳಚಿ ನೀರಿನ ಡಬ್ಬಿಗೆ ಹಾಕಿದಳು. ಮರುದಿನ ಮತ್ತೆ ಹಾಕಿಕೊಂಡಳು. ಒಂದು ಕಡೆ ಉಜ್ಜಿ ಒಸಡು ಹುಣ್ಣಾಯಿತು. ಮೊದಲಿನವಳಾಗಿದ್ದರೆ ಸಹಿಸಿಕೊಂಡು ಕೂರುತ್ತಿದ್ದಳು. ಈಗ ಅಂದೇ ಹೋಗಿ ತೋರಿಸಿದಳು. ಡಾಕ್ಟರು ಆ ಅಂಚನ್ನು ತೇಯ್ದು ಕೊಟ್ಟರು. ಸಕ್ಕರೆಯವರಿಗೆ ಬಾಯಿ ಒಣಗುತ್ತದೆ, ಒಣಬಾಯಲ್ಲಿ ಸೆಟ್ಟು ನಿಲ್ಲದು, ಆಗಾಗ ನೀರು ಗುಟುಕರಿಸಿ ಎಂದರು. ಮಲಗುವಾಗ ಕಳಚಿಡಬೇಕು, ಒಸಡಿಗೂ ಉಸಿರು ಬೇಕು ಎಂದರು. ಚಿಕ್ಕ ಚಿಕ್ಕ ತುಂಡು, ಎರಡೂ ಕಡೆ ಸಮವಾಗಿ ಅಗಿಯುವುದು, ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯದಿರುವುದು. ಗಂಟೆಯಕ್ಕ ಮೊದಲು ಬೆಂದ ಬೀನ್ಸಿನ ಮೇಲೆ ಬಾಯಿ ಪಳಗಿಸಿದಳು, ಆಮೇಲೆ ರೊಟ್ಟಿಯ ಮೇಲೆ, ಆಮೇಲೆ ಸೌತೆಕಾಯಿಯ ತೆಳು ಬಿಲ್ಲೆಗಳ ಮೇಲೆ. ಸೌತೆಕಾಯಿ ಬಾಯಲ್ಲಿ ಕರಕ್ ಎಂದ ದಿನ ಅವಳು ಅಗಿಯುವುದು ನಿಲ್ಲಿಸಿ ಆ ಸದ್ದನ್ನೇ ಆಲಿಸುತ್ತ ಕೂತಿದ್ದಳು.

ಊಟ ಪಳಗಿದರೂ ಮಾತು ಪಳಗಿರಲಿಲ್ಲ. ಜೋರಾಗಿ ಬಾಯಿ ತೆರೆದರೆ ಕೆಳಗಿನ ಸೆಟ್ಟು ಎದ್ದು ಬರುತ್ತಿತ್ತು. ಮನೆಯಲ್ಲಿ ಕೂಗಿ ಅಭ್ಯಾಸ ಮಾಡಿದರೆ ನೆರೆಹೊರೆಯವರು ಏನೆಂದುಕೊಂಡಾರು? ಗಂಡ ಯೋಚಿಸಿ ಅವಳನ್ನು ಮಂಜುಗಡ್ಡೆ ಕಾರ್ಖಾನೆಗೆ ಕರೆದೊಯ್ದ. ಅಲ್ಲಿ ಯಂತ್ರಗಳು ಹಗಲಿಡೀ ಮೊರೆಯುತ್ತಿದ್ದವು. ಆನೆ ಘೀಳಿಟ್ಟರೂ ಹೊರಗೆ ಕೇಳುವಂತಿರಲಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಅವನು ಒಂದು ಮಂಜುಗಡ್ಡೆಯನ್ನು ನೆಲಕ್ಕೆ ಜಾರಿಸಿ, ದೂರ ಹೋಗಿ ಕೊಳ್ಳುವವನಂತೆ ಕೈ ಕಟ್ಟಿ ನಿಲ್ಲುತ್ತಿದ್ದ. ಅವಳು ಕೂಗುತ್ತಿದ್ದಳು. ಅವನಿಗೆ ತಿಳಿಯದಿದ್ದರೆ ಇಲ್ಲ ಎಂದು ತಲೆಯಾಡಿಸುತ್ತಿದ್ದ, ತಿಳಿದರೆ ಬೆರಳೆತ್ತುತ್ತಿದ್ದ.

ಮೊದಮೊದಲು ಬರೀ ತಲೆಯಾಡಿಸುವುದೇ ಆಯಿತು. ಅವಸರಿಸಿದರೆ ಸೆಟ್ಟು ಜಾರುತ್ತದೆ ಎಂದು ಅವಳು ಕಂಡುಕೊಂಡಳು. ಅಂಕಿ ಮುಗಿದ ಕೂಡಲೇ ತುಟಿ ಮುಚ್ಚಿ, ನಾಲಿಗೆಯಿಂದ ಕೆಳಗಿನದನ್ನು ಒತ್ತಿ, ಉಸಿರು ತಗೊಂಡು ಮುಂದಿನದನ್ನು ಕೂಗಿದರೆ ನಿಲ್ಲುತ್ತಿತ್ತು. ಮೊದಲಿನ ಓಟವಿಲ್ಲ, ಆದರೆ ಪ್ರತಿ ಅಂಕಿಯೂ ಬೇರೆ ಬೇರೆ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವಳು ಯಂತ್ರಗಳ ಮೊರೆತದ ಮೇಲೆ ‘ಎಪ್ಪತ್ತು’ ಎಂದಳು. ಗಂಡ ಬೆರಳೆತ್ತಲಿಲ್ಲ. ನಡೆದುಕೊಂಡು ಅವಳ ಹತ್ತಿರ ಬಂದ.

“ಎಪ್ಪತ್ತು,” ಎಂದ. “ಇಪ್ಪತ್ತಲ್ಲ. ಕೇಳಿಸ್ತು ಕಣೇ.”

ಅವನ ಕಣ್ಣು ತುಂಬಿತ್ತು. ಅವಳು ಸೆರಗಿನಲ್ಲಿ ಅವನ ಮುಖ ಒರೆಸಿ, ಮಂಜುಗಡ್ಡೆ ಕರಗಿ ಹೋಗ್ತಿದೆ, ತಗೋತೀರೋ ಇಲ್ವೋ ಹೇಳ್ರೀ ಅಂದಳು.

ದೋಣಿಗಳಿಗೆ ಮೀನು ಹೇರಳವಾಗಿ ಸಿಕ್ಕಿದ ಒಂದು ಬೆಳಿಗ್ಗೆ ಗಂಟೆಯಕ್ಕ ಮಾರುಕಟ್ಟೆಗೆ ಹೋದಳು. ಹೊಟ್ಟೆ ತುಂಬ ತಿಂದು, ಮಾತ್ರೆ ನುಂಗಿ, ನೀರಿನ ಬಾಟಲಿ ಹಿಡಿದು ಹೋದಳು. ಮೈಕಣ್ಣ ಪೆಟ್ಟಿಗೆಯ ಮೇಲಿದ್ದ. ಅವನ ಯಂತ್ರದಿಂದ ಹೊರಡುವ ಸದ್ದು ತಗಡಿಗೆ ಬಡಿದು ಹಿಂದಕ್ಕೆ ಬಂದು ಎರಡೆರಡಾಗಿ ಕೇಳುತ್ತಿತ್ತು. ಜನ ಪ್ರತಿ ಬೆಲೆಗೂ ಎಷ್ಟಂತೆ, ಎಷ್ಟಂತೆ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಅವಳು ಮೇಸ್ತ್ರಿಯ ಬಳಿ ಹೋಗಿ ತನ್ನ ಜಾಗ ಕೇಳಿದಳು. ಮೇಸ್ತ್ರಿ ಅತ್ತಿತ್ತ ನೋಡಿದ. ಮೈಕಣ್ಣನೇ ಇಳಿದು ಬಂದು, ಅಕ್ಕ ಕೂಗಲಿ, ನನ್ನದೇನೂ ಅಡ್ಡಿಯಿಲ್ಲ, ಒಂದು ದೋಣಿಯದು ಕೂಗಿ ನೋಡಲಿ, ಆಗದಿದ್ದರೆ ನಾನಿದ್ದೇನೆ ಎಂದ. ಮೈಕನ್ನೂ ಅವಳ ಕಡೆ ಚಾಚಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗುಂಪಿನ ಹಿಂದಿನಿಂದ ಯಾರೋ ಗೊಣಗಿದ್ದು ಕೇಳಿಸಿತು. ಗಂಟೆಯಕ್ಕ ಪೆಟ್ಟಿಗೆ ಹತ್ತಿದಳು. ಒಂದು ಗುಟುಕು ನೀರು ಕುಡಿದಳು.

“ಹಲ್ಲೂ ಇದೆ, ಕಡಲೆಯೂ ಇದೆ,” ಎಂದಳು. “ಕಿವಿ ಇದ್ದವರು ಮುಂದೆ ಬನ್ನಿ.”

ನಗೆ ಎದ್ದಿತು. ಅದು ಇಳಿಯುವ ಮೊದಲೇ ಅವಳು ಮೊದಲ ಬೆಲೆ ಕೂಗಿದಳು. ದನಿ ತಗಡನ್ನು ತಾಗಿತು, ಆದರೆ ಒಡೆಯಲಿಲ್ಲ. ಅಂಕಿ ಕೂಗಿ ನಿಲ್ಲಿಸಿದಳು. ಆ ಮೌನದಲ್ಲಿ ಮಾರುಕಟ್ಟೆಗೆ ಮಾರುಕಟ್ಟೆಯೇ ಮುಂದಿನದಕ್ಕೆ ಕಾದಿತು. ಮೊದಲು ಅವಳ ಓಟದ ಹಿಂದೆ ಏದುತ್ತ ಓಡುತ್ತಿದ್ದ ವ್ಯಾಪಾರಿಗಳು ಈಗ ಯೋಚಿಸಿ ಬೆರಳೆತ್ತುತ್ತಿದ್ದರು. ಒಬ್ಬನೂ ಎಷ್ಟಂತೆ ಎಂದು ಪಕ್ಕದವನನ್ನು ಕೇಳಲಿಲ್ಲ. ನಡುವೆ ಒಮ್ಮೆ ಕೆಳಗಿನ ಸೆಟ್ಟು ಸರಿಯಿತು. ಅವಳು ತುಟಿ ಮುಚ್ಚಿ, ನಾಲಿಗೆಯಿಂದ ಕೂರಿಸಿ, ಅತ್ಯಂತ ದೊಡ್ಡ ವ್ಯಾಪಾರಿಯ ಮುಖವನ್ನೇ ದುರುಗುಟ್ಟಿ ನೋಡಿದಳು. ತನ್ನನ್ನೇ ಕೆಣಕುತ್ತಿದ್ದಾಳೆ ಎಂದುಕೊಂಡ ಅವನು ಇನ್ನಷ್ಟು ಏರಿಸಿಬಿಟ್ಟ.

ಆ ದೋಣಿಯದು ಮುಗಿಯುವಷ್ಟರಲ್ಲಿ ಪಕ್ಕದ ದೋಣಿಯವರು ಯಾರನ್ನೂ ಕೇಳದೆ ತಮ್ಮ ಬುಟ್ಟಿಗಳನ್ನು ಎಳೆದು ತಂದು ಅವಳ ಕಾಲ ಬಳಿ ಸಾಲಾಗಿಟ್ಟರು. ಅವರ ಹಿಂದೆ ಇನ್ನೊಬ್ಬರು. ಮೇಸ್ತ್ರಿ ಏನೂ ಹೇಳಬೇಕಾಗಲಿಲ್ಲ. ಮೈಕಣ್ಣ ಮೈಕನ್ನು ಕೊರಳಿಗೆ ನೇತುಹಾಕಿಕೊಂಡು ತಕ್ಕಡಿಯ ಕಡೆ ನಡೆದ. ಬೇಸರವಾಗಿರಬೇಕು, ಆದರೂ ತೂಕ ಹೇಳುವಾಗ ಅವಳ ದನಿಯ ತಾಳಕ್ಕೆ ತಕ್ಕಂತೆಯೇ ಹೇಳತೊಡಗಿದ. ಕೊನೆಯ ಬುಟ್ಟಿ ಎದ್ದಾಗ ಬಿಸಿಲು ಒಳಗೆ ಬಂದಿತ್ತು. ಮೀನು ಆರಿಸುವ ಹೆಂಗಸರು ಕೈ ತೊಳೆದು ಅವಳ ಸುತ್ತ ಸೇರಿ, ಬಾಯಿ ತೋರಿಸಕ್ಕಾ, ಮುಟ್ಟಿ ನೋಡಲಾ ಎಂದು ಪೀಡಿಸಿದರು. ಅವಳು ಹಲ್ಲು ಕಿರಿದು ತೋರಿಸಿದಳು. ಅವರಲ್ಲೊಬ್ಬಳು ತನ್ನ ಒಸಡಿನಲ್ಲೂ ರಕ್ತ ಬರುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದಾಗ ಗಂಟೆಯಕ್ಕ ನಗು ನಿಲ್ಲಿಸಿ, ನಾಳೆಯೇ ಸಕ್ಕರೆ ಪರೀಕ್ಷೆ ಮಾಡಿಸು, ಜೊತೆಗೆ ನಾನೇ ಬರುತ್ತೇನೆ ಎಂದಳು.

ಮಧ್ಯಾಹ್ನ ಮನೆಯಲ್ಲಿ ಮೂವರೂ ಒಟ್ಟಿಗೆ ಊಟಕ್ಕೆ ಕೂತರು. ಅತ್ತಿಗೆ ಮೂರು ತಟ್ಟೆಗೂ ಒಂದೇ ಅಡುಗೆ ಬಡಿಸಿದಳು: ಹುರಿದ ಮೀನು, ಸೊಪ್ಪು, ರೊಟ್ಟಿ, ಹಸಿ ಕ್ಯಾರೆಟ್ಟಿನ ಬಿಲ್ಲೆಗಳು. ಯಾವುದನ್ನೂ ಮಸೆದಿರಲಿಲ್ಲ. ಗಂಟೆಯಕ್ಕ ಮೀನನ್ನು ಬೆರಳಲ್ಲಿ ತಡವಿ, ಮುಳ್ಳು ತೆಗೆದು, ತುಂಡನ್ನು ಬಾಯಿಗಿಟ್ಟು ಎರಡೂ ಕಡೆ ನಿಧಾನವಾಗಿ ಅಗಿದಳು. ಗಂಡ ತಾನು ಉಣ್ಣುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ. ನನ್ನ ಬಾಯಲ್ಲೇನು ಸಿನಿಮಾ ಓಡ್ತಿದೆಯಾ, ನಿಮ್ಮ ತಟ್ಟೆ ನೋಡ್ಕೊಳ್ರೀ ಎಂದಳು. ಅವನು ತಕ್ಷಣ ತಟ್ಟೆಗೆ ತಲೆ ಬಗ್ಗಿಸಿದ.

ತಟ್ಟೆ ಖಾಲಿಯಾಯಿತು. ಅವಳು ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. ಅತ್ತಿಗೆ ರೊಟ್ಟಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

“ಮೀನು ಬೇಕಾದಷ್ಟು ಹಾಕಿಸ್ಕೋ,” ಎಂದಳು. “ರೊಟ್ಟಿ ಮಾತ್ರ ಅರ್ಧ. ಹಲ್ಲು ಬಂತು ಅಂತ ಸಕ್ಕರೆ ಎಲ್ಲೂ ಓಡಿಹೋಗಿಲ್ಲ.”

ಗಂಟೆಯಕ್ಕ ಅರ್ಧ ರೊಟ್ಟಿ ಮುರಿದುಕೊಂಡಳು, ದೊಡ್ಡ ಮೀನಿನ ತುಂಡಿಗೆ ತಟ್ಟೆ ಒಡ್ಡಿದಳು, ಮತ್ತೆ ಅಗಿಯತೊಡಗಿದಳು.